ಎರೆಮಣ್ಣಿನ ಫಲಕದಲ್ಲಿ ಎರೆಹುಳುವಿನ ಹಾದಿಯನ್ನು ಉಳಿಸುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ):
ಎರೆಹುಳು ಕೊರೆದ ಸುರಂಗ, ಜೋಳದ ಬೇರಿನ ಜಾಡು, ಗೆದ್ದಲಿನ ಕೋಣೆಗಳು ಕಾಣುವಂತಹ ಸುಟ್ಟ ಮಣ್ಣಿನ ಫಲಕಗಳನ್ನು ನಮ್ಮ ಹೊಲದ ಎರೆಮಣ್ಣಿನಿಂದಲೇ ಮಾಡಬೇಕೆಂಬುದು ನನ್ನ ಆಸೆ. ಕಳೆದ ಬೇಸಿಗೆಯಲ್ಲಿ ಮಾಡಿದ ಹನ್ನೆರಡರಲ್ಲಿ ಒಂಬತ್ತು ನೆರಳಿನಲ್ಲಿ ಒಣಗುವಾಗಲೇ ಸೀಳಿದವು. ಸುಟ್ಟ ಮೂರರಲ್ಲಿ ವಾರದೊಳಗೆ ಚಕ್ಕೆಗಳೆದ್ದು, ಪ್ರತಿ ಗುಳಿಯ ತಳದಲ್ಲೂ ಬಿಳಿ ಚುಕ್ಕೆ ಕಾಣಿಸಿತು. ಬೇರೆಡೆಯ ಜೇಡಿಮಣ್ಣನ್ನು ತರಬಹುದು. ಆದರೆ ಎರೆ ಎಂದರೆ ನಮ್ಮಲ್ಲಿ ಮಣ್ಣೂ ಹೌದು, ಹುಳುವೂ ಹೌದು, ಅವೆರಡನ್ನೂ ಬೇರ್ಪಡಿಸಲು ನನಗೆ ಮನಸ್ಸಿಲ್ಲ.

ಉತ್ತರ 1:
ಆ ಬಿಳಿ ಚುಕ್ಕೆ ಸುಣ್ಣದ ಹರಳು. ಆವಿಗೆಯ ಕಾವಿನಲ್ಲಿ ಅದು ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬುವುದರಿಂದ ಮೇಲಿನ ಪದರವನ್ನು ಸಿಡಿಸುತ್ತದೆ. ಮಣ್ಣನ್ನು ನೀರಿನಲ್ಲಿ ಕದಡಿ, ಹರಳುಗಳು ತಳಕ್ಕಿಳಿದ ಮೇಲೆ ತಿಳಿಗೆಸರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಣಗುವಾಗ ಸೀಳಲು ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದೂ ಇದರಿಂದಲೇ. ಸೋಸಿದ ಮಣ್ಣಿನಲ್ಲಿ ಒಂದಿಷ್ಟನ್ನು ಬಿಲ್ಲೆಗಳಾಗಿ ತಟ್ಟಿ, ಕೆಂಪಾಗುವಷ್ಟು ಸುಟ್ಟು, ಕುಟ್ಟಿ ಪುಡಿಮಾಡಿ ಹಸಿಮಣ್ಣಿಗೆ ಬೆರೆಸಿ. ಸುಟ್ಟ ಪುಡಿ ನೀರಿಗೆ ಉಬ್ಬುವುದಿಲ್ಲ, ಹೊರಗಿನ ಮರಳನ್ನೂ ಬೇಡುವುದಿಲ್ಲ. ನಿಮ್ಮ ಹೊಲದ ಮಣ್ಣಿಗೆ ನಿಮ್ಮ ಹೊಲದ ಮಣ್ಣೇ ಆಸರೆಯಾಗುತ್ತದೆ.

ಉತ್ತರ 2 (ಚಿತ್ರದುರ್ಗದಿಂದ):
ದಯವಿಟ್ಟು ಜೀವಂತ ಹುಳುಗಳನ್ನು ಹಸಿಮಣ್ಣಿಗೆ ಬಿಡಬೇಡಿ. ಸೆಣಬಿನ ಹುರಿಯನ್ನೋ ಒಣಗಿದ ಜೋಳದ ಬೇರನ್ನೋ ತೆಳುಗೆಸರಿನಲ್ಲಿ ಅದ್ದಿ, ಎರಡು ಪದರಗಳ ನಡುವೆ ಹುದುಗಿಸಿ, ಒಂದು ತುದಿಯನ್ನು ಹೊರಗೆ ಬಿಡಿ. ಕಾವು ನಿಧಾನವಾಗಿ ಏರಿದರೆ ನಾರು ಉರಿದುಹೋಗಿ ಅದರ ದಾರಿ ಮಾತ್ರ ಉಳಿಯುತ್ತದೆ. ಗೆದ್ದಲಿನ ಕೋಣೆಗಳಿಗೆ ಪಾಳುಬಿದ್ದ ಹುತ್ತದ ಮಣ್ಣನ್ನು ಬಳಸಿ, ಏಕೆಂದರೆ ಗೆದ್ದಲು ಆಳದಿಂದ ಹೊತ್ತುತಂದು ಜೊಲ್ಲಿನಿಂದ ಅಂಟಿಸಿದ ಆ ಕಣಗಳು ಬಹಳ ನಯವಾಗಿರುತ್ತವೆ.

ಇನ್ನೊಂದು ಮಾತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಗಳು ದೊರೆತವು. ಗಾಳಿ ಸಿಕ್ಕ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಸಿಗದ ಕಡೆ ಹೊಗೆಯ ಇಂಗಾಲ ಕಪ್ಪಾಗಿ ನಿಲ್ಲುತ್ತದೆ. ಫಲಕಗಳನ್ನು ಸುರಂಗದ ಬಾಯಿ ಕೆಳಗಾಗಿ ಭತ್ತದ ಹೊಟ್ಟಿನ ಮೇಲೆ ಮಲಗಿಸಿ ಸುಟ್ಟು ನೋಡಿ. ಹುಳುವಿನ ಹಾದಿ ಕತ್ತಲೆಯ ಬಣ್ಣದಲ್ಲೇ ಉಳಿಯಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸೀಳಿದ ಒಂಬತ್ತು ಫಲಕಗಳನ್ನು ಇಂದೇ ನೀರಿನಲ್ಲಿ ನೆನೆಹಾಕಿದ್ದೇನೆ. ನಾಳೆ ಅದೇ ಮಣ್ಣನ್ನು ಸೋಸುತ್ತೇನೆ.