ಅಪ್‌ಡೇಟ್: ಬೇಸ್‌ಮೆಂಟ್ ಪಾರ್ಕಿಂಗ್‌ನ ಅಗ್ನಿಸುರಕ್ಷತೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎರಡು ಹಂತದ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನೇ ನೀರು ಚಿಮ್ಮಿಸುವ ವ್ಯವಸ್ಥೆ) ಇರುವಾಗ ಹೊಗೆ ಹೊರಹಾಕುವ ಫ್ಯಾನ್‌ಗಳನ್ನು ಕರೆಂಟ್ ಉಳಿತಾಯಕ್ಕಾಗಿ ನಿಲ್ಲಿಸಿಡಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿಲ್ಲಿಸಬಾರದು ಎಂದು ಉತ್ತರಿಸಿದವರೆಲ್ಲರಿಗೂ ವಂದನೆಗಳು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಗ್ನಿಸುರಕ್ಷತೆಯ ಕುರಿತಾದ 4ನೇ ಭಾಗವನ್ನು ನಾನೇ ಓದಿದೆ. ಬೇಸ್‌ಮೆಂಟ್ ಪಾರ್ಕಿಂಗ್‌ನ ಗಾಳಿ ಮಾಮೂಲಿ ದಿನಗಳಲ್ಲೂ ಬದಲಾಗುತ್ತಿರಬೇಕು, ಬೆಂಕಿ ಬಿದ್ದಾಗ ಗಂಟೆಗೆ ಕನಿಷ್ಠ 12 ಬಾರಿ ಬದಲಾಗಬೇಕು. ಹೊಗೆ ಎಳೆಯುವ ಫ್ಯಾನ್ 250 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ 120 ನಿಮಿಷ ತಿರುಗುವಂತಿರಬೇಕು. ಸ್ಪ್ರಿಂಕ್ಲರ್ ಬೆಂಕಿಯನ್ನು ಹತೋಟಿಯಲ್ಲಿಡುತ್ತದೆಯೇ ಹೊರತು, ಟೈರು, ಪ್ಲಾಸ್ಟಿಕ್ ಉರಿದು ಏಳುವ ದಟ್ಟ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ. ಮೇಲಿನ ಮಹಡಿಯಂತೆ ಕಿಟಕಿಗಳಿಲ್ಲದ ನೆಲದಡಿಯಲ್ಲಿ ಆ ಹೊಗೆ ಅಲ್ಲಿಯೇ ನಿಂತು, ಓಡುವವರಿಗೂ ಒಳಬರುವ ಅಗ್ನಿಶಾಮಕ ಸಿಬ್ಬಂದಿಗೂ ದಾರಿ ಕಾಣದಂತೆ ಮಾಡುತ್ತದೆ.

ಕಳೆದ ಭಾನುವಾರ ಸಂಘದವರ ಎದುರಿನಲ್ಲಿಯೇ ಪರೀಕ್ಷೆ ನಡೆಸಿದೆವು. ಕೆಳಹಂತದ ಒಂದು ಫ್ಯಾನ್ ತಿರುಗಲೇ ಇಲ್ಲ, ಏಕೆಂದರೆ ಅದರ ಬೆಲ್ಟ್ ಯಾವಾಗಲೋ ತುಂಡಾಗಿತ್ತು. ಅದಕ್ಕಿಂತ ಗಾಬರಿಯ ಸಂಗತಿಯೆಂದರೆ, ನಾನು ಇಷ್ಟು ದಿನ ನಂಬಿಕೊಂಡಿದ್ದ ಸ್ಪ್ರಿಂಕ್ಲರ್‌ನ ವಾಲ್ವನ್ನೇ ಹಿಂದೊಮ್ಮೆ ಸೋರಿಕೆ ರಿಪೇರಿಗೆಂದು ಮುಚ್ಚಿದವರು ಮತ್ತೆ ತೆರೆದಿರಲಿಲ್ಲ! ಮೆಟ್ಟಿಲಿನ ಬೆಂಕಿ ತಡೆಯುವ ಬಾಗಿಲು ಮುಚ್ಚಿಕೊಳ್ಳದಂತೆ ಇಟ್ಟಿಗೆ ಒತ್ತರಿಸಿಟ್ಟಿದ್ದರು (ತರಕಾರಿ ಚೀಲ ಹಿಡಿದು ಬರುವವರಿಗೆ ಅನುಕೂಲವಂತೆ). ವಾಲ್ವನ್ನು ಅಂದೇ ತೆರೆದು ಸೀಲ್ ಮಾಡಿಸಿದೆವು, ಇಟ್ಟಿಗೆಯನ್ನು ತೆಗೆದೆವು. ಹೊಸ ಬೆಲ್ಟ್ ಈ ವಾರ ಬರಲಿದೆ. ಮೂಲೆಯಲ್ಲಿ ಪೇರಿಸಿರುವ ಹಳೆಯ ಸೋಫಾಗಳ ಮಾಲೀಕರು ಮಾತ್ರ ಅವನ್ನು ತೆಗೆಯಲು ಇನ್ನೂ ಒಪ್ಪಿಲ್ಲ.