ಡಬ್ಬಿ ಮ್ಯಾಲ ಅಜ್ಜಿ ಚಿತ್ರ: ಹಾಕಿಸಿದವ್ರು ಏನಂತೀರಿ?

ಜಲನಗರದ ಹೋಳಿಗಿ (ವಿಜಯಪುರ):
ನಮಸ್ಕಾರ್ರಿ. ಮನಿಯಾಗ ಶೇಂಗಾ ಹೋಳಿಗಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರ್ತೀವಿ. ಸಾದಾ ಪ್ಲಾಸ್ಟಿಕ್ ಪಾಕೀಟು, ಹತ್ತು ಹೋಳಿಗಿಗೆ 120 ರೂಪಾಯಿ. ಒಬ್ಬ ಡಿಸೈನ್ ಮಾಡಾಂವ ಬಂದಿದ್ದ. ‘ಹಳೇ ನೆನಪು ಮಾರ್ರಿ, ಪುಣೆ, ಬೆಂಗಳೂರಾಗ ಇರೋ ನಮ್ಮ ಕಡೆ ಮಂದಿ ಮುಗಿಬಿದ್ದು ತಗೋತಾರ’ ಅಂತಾನ. ತಗಡಿನ ಡಬ್ಬಿ, ಮ್ಯಾಲ ಬೀಸೂಕಲ್ಲ ಮುಂದ ಕುಂತ ಅಜ್ಜಿ, ಹಳೇ ಸಿನಿಮಾ ಪೋಸ್ಟರಿನ ಅಕ್ಷರ, ಕೆಳಗ ‘ಬಿಜಾಪುರ’ ಅಂತ ಹಳೇ ಹೆಸರು. ಡಬ್ಬಿ, ಡಿಸೈನ್, ಫೋಟೋ ಎಲ್ಲಾ ಕೂಡಿ 1.4 ಲಕ್ಷ. ಬೆಲಿ 190 ಇಡ್ರಿ ಅಂದಾನ. ಅಜ್ಜಿ ಅಂತ ನಮ್ಮ ಅತ್ತಿ ಫೋಟೋನ ಹಾಕಬೇಕಂತ, ಅವ್ರು ‘ನಾ ಇನ್ನೂ ಸತ್ತಿಲ್ಲ’ ಅಂತ ಬೈಲಿಕ್ಕೆ ಹತ್ಯಾರ. ಹಿಂಗ ಮಾಡಿದವ್ರು ಇದ್ರ ಹೇಳ್ರಿ, ರೊಕ್ಕ ತಿರುಗಿ ಬರ್ತದೋ ಇಲ್ಲೋ?

ಮುಳುಗಡಿ ಮನಷ್ಯಾ (ಬಾಗಲಕೋಟೆ):
ಊರು ಮುಳುಗಿದವ್ರಿಗೆ ಕಟ್ಟಿದ ನವನಗರದಾಗ ನಂದು ಖಾನಾವಳಿ ಐತಿ. ಹಳೇ ಬಾಗಲಕೋಟಿ ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹ್ವಾದದ್ದು ಇಲ್ಲಿ ಯಾರಿಗೂ ಬಿಡಿಸಿ ಹೇಳೂದು ಬ್ಯಾಡ. ನಾಲ್ಕೂ ಗ್ವಾಡಿಗೆ ಹಳೇ ಓಣಿ ಫೋಟೋ ಹಾಕ್ಸಿದೆ. ಮಂದಿ ಮನಿಯಿಂದ ಫೋಟೋ ಇಸ್ಕೊಂಡು, ಸ್ಕ್ಯಾನ್ ಮಾಡ್ಸಿ, ದೊಡ್ಡದು ಮಾಡ್ಸಿ, ಫ್ರೇಮ್ ಹಾಕ್ಸೂದಕ್ಕ 62 ಸಾವಿರ. ಕೆಡವಿದ ಮನಿಗಳ ಸಾಗವಾನಿ ಬಾಗಲಾ ಎರಡು, ತೊಲಿ ಒಂದು, 48 ಸಾವಿರ. ತೊಲಿಗೆ ಒಳಗೆಲ್ಲಾ ಗೆದ್ದಲ ಹತ್ತಿತ್ತು, ಔಷಧ ಹೊಡಸಾಕ ಮತ್ತ 3,500. ಬಾಗಲಾ ಒಳಗ ಹಿಡೀವಲ್ದು ಅಂತ ಗೌಂಡಿ ಕರಸಿ ಚೌಕಟ್ಟ ಒಡಸಿದ್ದು 9 ಸಾವಿರ.

ಮಂದಿ ಬಂದ್ರು, ಬರಲಿಲ್ಲ ಅನ್ನೂದಿಲ್ಲ. ಹಿರೇರೊಬ್ರು ಗಾಜಿನ ಮ್ಯಾಲ ಬಟ್ಟಿಟ್ಟು ‘ಈ ಕಟ್ಟಿ ಮ್ಯಾಲ ನಮ್ಮಪ್ಪ ಕುಂದರತಿದ್ದ, ಈ ಕಿಡಕಿಯಾಗಿಂದ ನಮ್ಮವ್ವ ಚಾ ಕೊಡತಿದ್ಲು’ ಅಂತ ಮೊಮ್ಮಗಗ ತೋರಿಸೂದು, ಮೊಮ್ಮಗ ಮೊಬೈಲ್ ನೋಡೂದು. ಊಟಾ ಮಾಡಾವ್ರ ತಲಿ ಮ್ಯಾಲ ನಿಂತು ಒಂದು ತಾಸು. ಬಿಲ್ ಎಷ್ಟು? ಅರ್ಧ ಚಾ. ಅವ್ರು ಹ್ವಾದ ಮ್ಯಾಲ ಗಾಜಿನ ಮ್ಯಾಲಿನ ಬಟ್ಟಿನ ಗುರುತ ಒರಸಾಕ ಒಬ್ಬ ಹುಡುಗ ಬೇಕು. ಇನ್ನೊಮ್ಮೆ ಎರಡು ಮನೆತನದವ್ರು ಒಂದ ಫೋಟೋ ಮುಂದ ಕೂಡಿ, ನಡುವಿನ ಗ್ವಾಡಿ ಯಾರದು ಅಂತ ಜಗಳಾ ತಗದ್ರು. ಗ್ವಾಡಿ ನೀರಾಗ ಹೋಗಿ ಎಷ್ಟ ವರ್ಷ ಆತು! ಪರಿಹಾರ ಯಾರಿಗೆ ಎಷ್ಟ ಬಂತು ಅನ್ನೂತನಕಾ ಹೋತು ಮಾತು, ಥಾಲಿ ಹಂಗ ಬಿಟ್ಟು ಎದ್ದ್ರು.

ನವನಗರದಾಗ ಹುಟ್ಟಿದ ಹುಡುಗ್ರಿಗೆ ಆ ಫೋಟೋ ಅಂದ್ರ ಬರೇ ಹಳೇ ಫೋಟೋ. ಅವ್ರಿಗೆ ಗೋಬಿ ಮಂಚೂರಿ ಬೇಕು. ಈಗ ಅದನ್ನೂ ಮಾಡ್ತೀನಿ, ಅದರಿಂದನ ನಡದೈತಿ. ಫೋಟೋ ಮಾತ್ರ ಇಳಸೂದಿಲ್ಲ, ಯಾರು ಏನರ ಅನ್ಲಿ.

ಶಹಾಪುರ ಕುಂದಾ (ಬೆಳಗಾವಿ):
ತಗಡಿನ ಡಬ್ಬಿ ಅಂದ್ರೆಲ್ಲಾ, ಅದನ್ನ ಹಾಲಿನ ಸಿಹಿ ಕುಂದಾ ಮಾರೂ ನನ್ನ ಕೇಳ್ರಿ. 2,000 ಡಬ್ಬಿಗಿಂತ ಕಡಿಮಿ ಮಾಡೂದಿಲ್ಲ ಅಂದ್ರು. ಒಂದಕ್ಕ 46 ರೂಪಾಯಿ, ಅಚ್ಚಿಗೆ 18 ಸಾವಿರ, ಮುಂಬೈಯಿಂದ ಲಾರಿ ಬಾಡಿಗಿ 7,200, ಜಿಎಸ್‌ಟಿ ಬ್ಯಾರೆ. ಬಂದದ್ದರಾಗ 130 ಡಬ್ಬಿ ತೆಗ್ಗು ಬಿದ್ದಿದ್ವು, ಕೊಟ್ಟಾಂವ ಫೋನ್ ಎತ್ತೂದ ಬಿಟ್ಟ. ಒಳಗ ಲೇಪ ಇರಲಿಲ್ಲ. ಕುಂದಾದಾಗಿನ ಪಸಿಗೆ ಬೆಸುಗಿ ಸಾಲಿನಾಗ ತುಕ್ಕ ಹತ್ತಲಿಕ್ಕೆ ಶುರು ಆತು. ಒಂದೊಂದಕ್ಕೂ ಬಟರ್ ಪೇಪರ್ ಹಾಕು, ಮತ್ತ 4 ರೂಪಾಯಿ. ಕುರಿಯರದಾಗ ಮುಚ್ಚಳ ಸೊಟ್ಟ ಆದ್ರ ಗಿರಾಕಿ ರೊಕ್ಕ ವಾಪಸ್ ಕೇಳ್ತಾರ, ಕುಂದಾ ಮಾತ್ರ ವಾಪಸ್ ಬರೂದಿಲ್ಲ.

ಡಬ್ಬಿ ಛೊಲೋ ಇದ್ದರ ಇನ್ನೊಂದು ಸಂಕಟ. ಒಮ್ಮೆ ಒಯ್ದವ್ರು ಅದನ್ನ ತೊಳದು ತಂದು ‘ಡಬ್ಬಿ ನಮ್ಮದೈತಿ, ಬರೇ ಕುಂದಾ ಹಾಕ್ರಿ, 50 ರೂಪಾಯಿ ಕಡಿಮಿ ತಗೋರಿ’ ಅಂತಾರ. ಹಳೇ ಕಾಲದಾಗ ಹಂಗ ಇತ್ತಂತ, ಅದನ್ನೂ ಅವ್ರ ನನಗ ಹೇಳ್ತಾರ.

ಹಳೇ ಹೆಸರಿನ ಮಾತು ಕೇಳ್ರಿ. ನಂದರಾಗ ‘ಬೆಳಗಾಂವ’ ಅಂತ ಹಾಕ್ಸಿದ್ದೆ. 2014ರ ನವೆಂಬರ್ 1ಕ್ಕ ಹೆಸರು ಬದಲಾದದ್ದು ನಿನಗ ಗೊತ್ತಿಲ್ಲೇನವ್ವಾ ಅಂತ ಒಬ್ರು, ನಮ್ಮ ಮನಸಿನ್ಯಾಗಿಂದ ಹಾಕೀರಿ ಅಂತ ಇನ್ನೊಬ್ರು. ಇಬ್ರೂ ಕಾಲ ಕಿಲೋ ತಗೊಂಡ್ರು. ಮಾಡಿದ್ದಕ್ಕ ನನಗೇನ ಪಶ್ಚಾತ್ತಾಪ ಇಲ್ಲ, ದೀಪಾವಳಿಗೆ ಆ ಡಬ್ಬಿನ ಓಡ್ತದ. ಆದ್ರ ಖಾನಾವಳಿಯವ್ರಂಗ ಅಳೂದು ನನಗ ಬರೂದಿಲ್ಲ.

ಮುಳುಗಡಿ ಮನಷ್ಯಾ:
ಅಕ್ಕಾರ, ನಿಮ್ಮದು ತಗಡು ಸೊಟ್ಟ ಆದ ದುಃಖ. ನಮ್ಮದು ಊರು ಹ್ವಾದ ದುಃಖ. ಎರಡನ್ನೂ ಒಂದ ತಕ್ಕಡಿಯಾಗ ಇಡಬ್ಯಾಡ್ರಿ.

ಶಹಾಪುರ ಕುಂದಾ:
ಊರು ಹ್ವಾದದ್ದಕ್ಕ ಥಾಲಿಗೆ 30 ರೂಪಾಯಿ ಜಾಸ್ತಿ ಮಾಡಿದ್ದು ನಾನೇನ್ರಿ? ಕಳೆದ ಶ್ರಾವಣದಾಗ ನಿಮ್ಮಲ್ಲೆ ಊಟಾ ಮಾಡೇನಿ. ರೊಟ್ಟಿ ತಣ್ಣಗಿದ್ವು.

ಟೋಪಿ ತೆನಿ (ಇಳಕಲ್):
ಡಬ್ಬಿ, ಥಾಲಿ ಬಿಡ್ರಿ. ಅಜ್ಜಿ ಹೆಸರ ಹೇಳಿ ನಮ್ಮ ಹೊಟ್ಟಿ ಮ್ಯಾಲ ಹೊಡದವ್ರ ಕತಿ ನಾ ಹೇಳ್ತೀನಿ. ನಮ್ಮದು ಮಗ್ಗದ ಮನಿ. ಹತ್ತಿ ಒಡಲು, ರೇಶಿಮಿ ಸೆರಗು, ಎರಡನ್ನೂ ಮಗ್ಗದ ಮ್ಯಾಲ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸೂದು. ಕೊಂಡಿ ಹಾಕಾಕ ಕುಂತ್ರ ಕಣ್ಣು, ಬೆನ್ನು ಎರಡೂ ಹೋಗ್ತಾವ. ಈಗ ಮೊಬೈಲ್ ತಗದ್ರ ಸಾಕು, ಕಂದೀಲ ಬೆಳಕು, ಹಳೇ ಹಾಡು, ಮುದುಕಿ ಒಬ್ಬಾಕಿ ಟ್ರಂಕ್ ತಗದು ಸೀರಿ ಮೂಸಿ ನೋಡ್ತಾಳ, ‘ಅಜ್ಜಿಯ ಇಳಕಲ್, ಬರೇ 699’. ಅದು ಪಾಲಿಸ್ಟರ್ರಿ! ಪವರ್‌ಲೂಮದ್ದು! ಸೆರಗಿಗೆ ಕೊಂಡೀನ ಇಲ್ಲ, ಒಂದ ಹಾಸು ಎಳದು ಬಿಟ್ಟಾರ. ಅದನ್ನ ಒಯ್ದವ್ರು ನಮ್ಮಲ್ಲಿ ಬಂದು ‘ಅಲ್ಲಿ 699, ನಿಮ್ಮಲ್ಲಿ ಯಾಕ 4,500’ ಅಂತ ಕೇಳ್ತಾರ. ಇಳಕಲ್ ಸೀರಿಗೆ ಜಿಐ (ಊರ ಹೆಸರಿನ ಗುರುತಿನ ಹಕ್ಕು) ಐತಿ, 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಐತಿ. ಕಾಗದದ ಮ್ಯಾಲ ಎಲ್ಲಾ ಐತಿ. ರೇಶಿಮಿ ಬೆಲಿ ಏರಿದಾಗೊಮ್ಮೆ ನಾವು ಕೈಗಡಾ ಮಾಡ್ತೀವಿ, ಅವ್ರು ಹೊಸಾ ಅಜ್ಜೀನ ಹುಡುಕ್ತಾರ.

ಪವರ್‌ಲೂಮ್ ಪಾರ್ಟಿ (ಬನಹಟ್ಟಿ):
ಸ್ವಲ್ಪ ಸಮಾಧಾನ. 699ರದ್ದು ಉಡೂವಾಕಿ 4,500ರದ್ದು ತಗೊಳ್ಳಾಕಿ ಅಲ್ಲ. ಆಕಿಗೂ ತನ್ನ ಅಜ್ಜಿ ನೆನಪೈತಿ, ರೊಕ್ಕ ಇಲ್ಲ ಅಷ್ಟ. ನಮ್ಮ ಮಗ್ಗನೂ ಪುಗಸಟ್ಟೆ ಓಡೂದಿಲ್ಲ, ಕರೆಂಟ್ ಬಿಲ್ ನೋಡ್ರಿ ಬೇಕಂದ್ರ. ನಾವು ಮೈಮುರದು ದುಡಿದದ್ದು ದುಡಿಕಿ ಅಲ್ಲೇನು?

ಟೋಪಿ ತೆನಿ:
ದುಡೀರಿ, ಬ್ಯಾಡ ಅಂದವ್ರ್ಯಾರು? ‘ಬನಹಟ್ಟಿ ಪವರ್‌ಲೂಮ್’ ಅಂತ ಬರದು ಮಾರ್ರಿ. ನಮ್ಮ ಊರ ಹೆಸರು, ನಮ್ಮ ಅಜ್ಜಿ ಮಾರಿ ನಿಮಗ್ಯಾಕ?

ಕಾಮರ್ಸ್ ಮೇಷ್ಟ್ರು (ವಿಜಯಪುರ):
ಜಗಳದ ನಡುವೆ ಎರಡು ಮಾತು. ಹಳೆಯ ಹೆಸರಿನಿಂದಲೇ ಮಾರಾಟ ಆಗುತ್ತದೆ ಅನ್ನುವವರು ಕ್ಯಾಂಪಾ ಕೋಲಾ ಉದಾಹರಣೆ ಕೊಡುತ್ತಾರೆ. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟಾಗ ಮೆರೆದ ಹೆಸರದು. ರಿಲಯನ್ಸ್ 2022ರಲ್ಲಿ ಅದನ್ನು ಕೊಂಡು 2023ರಲ್ಲಿ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ನನ್ನ ಕ್ಲಾಸಿನ ಹುಡುಗರು ಈಗ ಅದನ್ನೇ ಕುಡಿಯುತ್ತಾರೆ. 1977ರಲ್ಲಿ ಅವರ ಅಪ್ಪಂದಿರೇ ಹುಟ್ಟಿರಲಿಲ್ಲ, ಅವರಿಗೆಲ್ಲಿಯ ನೆನಪು? 200 ಎಂಎಲ್‌ಗೆ 10 ರೂಪಾಯಿ ಅಂತ ಕುಡಿಯುತ್ತಾರೆ. ಹಾಗಂತ ನೆನಪಿಗೆ ಬಲವೇ ಇಲ್ಲ ಅಂತಲ್ಲ. 1985ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾ ರುಚಿ ಬದಲಿಸಿ, ಜನರ ಸಿಟ್ಟಿಗೆ ಹೆದರಿ ಜುಲೈಗೇ ಹಳೆಯದನ್ನು ವಾಪಸ್ ತಂದಿತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಹಳೆಯದನ್ನು ನೆನೆಯುತ್ತಿರುವವರು ದುಡ್ಡನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಡಿಸೈನಿನವರು ಹೇಳುವ 190ರ ಗುಟ್ಟು ಇಷ್ಟೇ.

ಆದರೆ ಯಾರ ನೆನಪು? 1989ರ ಇನ್ನೊಂದು ಅಧ್ಯಯನದಲ್ಲಿ, ಜನ ಅತಿ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 23-24 ವಯಸ್ಸಿದ್ದಾಗ ಬಂದ ಹಾಡುಗಳನ್ನು. ಪುಣೆಯಲ್ಲಿ ಕೂತ ನಲವತ್ತರ ಐಟಿಯವನು ಬೀಸೂಕಲ್ಲು ತಿರುಗಿಸಿದವನೇ ಅಲ್ಲ. ಅವನಿಗೆ ನೆನಪಾಗುವುದು ಹಾಸ್ಟೆಲ್ಲಿಗೆ ಅವ್ವ ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ, ಪೇಪರ್ ಸುತ್ತಿ ರಬ್ಬರ್ ಹಾಕಿದ ಪ್ಲಾಸ್ಟಿಕ್ ಡಬ್ಬಿ. ನನ್ನ ಭಾವಮೈದುನ ಗೋಲಿ ಸೋಡಾ ಹಾಕಿದಾಗ ಇದನ್ನೇ ಹೇಳಿದ್ದೆ, ಕೇಳಲಿಲ್ಲ. ಬಾಟಲಿ ಠೇವಣಿಗೇ 85 ಸಾವಿರ ಹೋಯಿತು, ಅದರಲ್ಲಿ ನನ್ನ 40 ಸಾವಿರವೂ ಇದೆ. ಇನ್ನೂ ಕೊಟ್ಟಿಲ್ಲ.

ಪವರ್‌ಲೂಮ್ ಪಾರ್ಟಿ:
ಸರ್, ತಿಂಗಳಾ ಒಂದನೇ ತಾರೀಖಿಗೆ ಪಗಾರ ಬೀಳಾವ್ರಿಗೆ ಅಧ್ಯಯನ ಭಾಳ ನೆನಪಿರ್ತಾವ.

ಯೆಜ್ಡಿ ಚಹಾ (ಬೆಳಗಾವಿ):
ಎಲ್ಲಾರೂ ಅಳಾಕತ್ತೀರಿ, ನಂದು ನಡದದ್ದು ಕೇಳ್ರಿ. ಟಿಳಕವಾಡಿಯಾಗ ಚಹಾದ ಅಂಗಡಿ, ಮುಂದ ನಮ್ಮಪ್ಪನ ಯೆಜ್ಡಿ ಬೈಕ್ ನಿಲ್ಲಸೇನಿ. ಮೈಸೂರಾಗ ಆಗಿದ್ದು, 1996ಕ್ಕ ಆ ಫ್ಯಾಕ್ಟರಿ ಬಂದ್ ಆತು. ಗಾಡಿ ಸಜ್ಜು ಮಾಡಾಕ ಟಾಂಕಿ ಕ್ರೋಮ್ 6,500, ಕ್ರ್ಯಾಂಕ್ 8 ಸಾವಿರ, ಎರಡೂ ಸೈಲೆನ್ಸರ್ 5,200, ಸೀಟು 1,800. ಕಾರ್ಬುರೇಟರ್ ಡೂಪ್ಲಿಕೇಟ್ ಕೊಟ್ಟು ಮೋಸ ಮಾಡಿದ್ರು, ಅದರ 2,400 ನೀರಾಗ. ಹುಡುಗ್ರು ಬರ್ತಾರ, ಗಿಯರ್ ಹಾಕೂ ಲಿವರನ್ನ ಹಿಂದ ತಿರುಗಿಸಿದ್ರ ಅದ ಕಿಕ್ ಆಗೂದು ನೋಡಿ ಬಾಯಿ ತಗೀತಾರ, ಫೋಟೋ ಹೊಡೀತಾರ, ಎರಡು ಚಹಾ ಕುಡೀತಾರ. ದಿನಾ ಮುಂಜಾನೆ ಒಮ್ಮೆ ಚಾಲೂ ಮಾಡ್ತೀನಿ. ಆ ಸಪ್ಪಳಕ್ಕ ಎದುರಿನ ಬ್ಯಾಂಕಿನ್ಯಾಗಿಂದ ಸಾಹೇಬ್ರು ಎದ್ದು ಬರ್ತಾರ. 2022ಕ್ಕ ಬಂದ ಹೊಸಾ ಯೆಜ್ಡಿಯಾಗ ಈ ಸಪ್ಪಳ ಎಲ್ಲೈತಿ? ಟು-ಸ್ಟ್ರೋಕ್ ಅಲ್ಲ, ಬರೇ ಹೆಸರು.

ಪವರ್‌ಲೂಮ್ ಪಾರ್ಟಿ:
ಹೊಸಾದು ನನ್ನ ಕಡೆ ಐತಿ. ಪುಣೆ ಮಟಾ ಹೋಗಿ ಬಂದ್ರೂ ಎಲ್ಲೂ ನಿಲ್ಲೂದಿಲ್ಲ. ನಿಮ್ಮದು ಅಂಗಡಿ ಮುಂದ ನಿಲ್ಲಸಾಕ ಅಷ್ಟ ಛಲೋ.

ಯೆಜ್ಡಿ ಚಹಾ:
ನಮ್ಮಪ್ಪ ಅದರ ಮ್ಯಾಲ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ನಾಲ್ಕು ಮಂದಿ ಕೂಡಿಸಿಕೊಂಡು ಹೋಗಿ ಬಂದಾನ. ನೀವು ಹೋಗಿ ತೋರಸ್ರಿ.

ಲೈಸೆನ್ಸ್ ಏಜೆಂಟ್ (ಬಾಗಲಕೋಟೆ):
ಡಬ್ಬಿ ಪ್ರಿಂಟ್ ಆಗೋಕ್ಕಿಂತ ಮೊದಲು ನೋಡಿಕೊಳ್ಳಿ. ‘ಸಾಂಪ್ರದಾಯಿಕ’, ‘ಅಸಲಿ’ ಇಂಥ ಪದಗಳಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ಜಾಹೀರಾತು ನಿಯಮಗಳಲ್ಲಿ ಕಟ್ಟು ಇದೆ. ಮಾಡುವ ವಿಧಾನ ತಲೆಮಾರುಗಳಿಂದ ಹೆಚ್ಚುಕಡಿಮೆ ಹಾಗೇ ನಡೆದು ಬಂದಿದ್ದರೆ ಮಾತ್ರ ‘ಸಾಂಪ್ರದಾಯಿಕ’. 14 ಅಂಕಿಯ ಲೈಸೆನ್ಸ್/ನೋಂದಣಿ ನಂಬರ್, ಹಸಿರು ಚುಕ್ಕಿ, ತೂಕ, ಎಂಆರ್‌ಪಿ, ತಾರೀಖು ಅಜ್ಜಿಯ ಸೀರೆಯ ಅಂಚಿನಲ್ಲಿ ಮುಚ್ಚಿಹೋಗಬಾರದು. ಒಬ್ಬ ಗಿರಾಕಿ ಹಂಗೇ ಮಾಡಿಸಿ, 1,500 ಡಬ್ಬಿ ಮೇಲೆ ಸ್ಟಿಕರ್ ಹಚ್ಚಿಸಿದ. ಮನೆ ಮಂದಿಯೆಲ್ಲಾ ರಾತ್ರಿ ಕೂತು ಹಚ್ಚಿದರು, ನನ್ನ ಫೀ ಮಾತ್ರ ಇನ್ನೂ ಬಾಕಿ. ರೀಲ್ಸಿಗೆ ಹಳೇ ಸಿನಿಮಾ ಹಾಡು ಹಾಕಿ ಮಾರಬೇಕಂದ್ರೆ ಹಾಡಿನ ಹಕ್ಕು ಇದ್ದವರ ಪರವಾನಗಿ ಬೇಕು. ವಿಳಾಸದಲ್ಲಿ ‘ವಿಜಯಪುರ’ ಅಂತಲೇ ಹಾಕಿ.

ಜಲನಗರದ ಹೋಳಿಗಿ:
ಎಲ್ಲಾರಿಗೂ ಧನ್ಯವಾದ. ಹಂಗಾದ್ರ 1.4 ಲಕ್ಷ ಕೊಡೂದೋ ಬ್ಯಾಡೋ?

ಘಟಪ್ರಭಾ ದಂಡಿ (ಗೋಕಾಕ):
ಕೊಡಬ್ಯಾಡ್ರಿ. ಗೋಕಾಕ ಕರದಂಟಿಗೆ ಯಾವ ಅಜ್ಜಿ ಚಿತ್ರ ಇತ್ತು? ಅಂಟು, ಕೊಬ್ಬರಿ, ಬೆಲ್ಲ ಛಲೋ ಇದ್ದ್ರ ಕಾಗದದಾಗ ಕಟ್ಟಿಕೊಟ್ರೂ ಒಯ್ತಾರ. ಈಗ ಅಮೀನಗಡದವ್ರು ನೋಡ್ರಿ, ದಾರಿಗುಂಟ ಬೋರ್ಡು, ಎಲ್ಲಾದೂ ‘ಹಳೇ ಅಂಗಡಿ’, ಎಲ್ಲಾದೂ ‘ನಮ್ಮಲ್ಲಿ ಬ್ರ್ಯಾಂಚ್ ಇಲ್ಲ’.

ಟೋಪಿ ತೆನಿ:
ಅಮೀನಗಡ ನಮ್ಮ ಮಗ್ಗಲಕ್ಕ ಐತಿ, ನೋಡಿ ಮಾತಾಡ್ರಿ. ಕರದಂಟು ಅಂದ್ರ ಅಮೀನಗಡ. ನೀವು ಫಾಲ್ಸ್ ನೋಡಾಕ ಬಂದವ್ರಿಗೆ ಮಾರೂದು ಕರದಂಟಲ್ಲ, ಬೆಲ್ಲದ ಚಿಕ್ಕಿ.

ಘಟಪ್ರಭಾ ದಂಡಿ:
ನಿಮ್ಮಲ್ಲಿ ಮಂದಿ ಬರೂದು ಕುರಿ ಸಂತಿಗೆ. ಅದನ್ನೂ ಬೋರ್ಡಿನ ಮ್ಯಾಲ ಬರೀರಿ.

ಶಹಾಪುರ ಕುಂದಾ:
ಜಲನಗರದವ್ರ, 340 ಡಬ್ಬಿ ಉಳದಾವ, ಖಾಲಿ. ಒಂದಕ್ಕ 30ರಂಗ ಕೊಡ್ತೀನಿ. ‘ಬೆಳಗಾಂವ’ ಇದ್ದಲ್ಲಿ ಸ್ಟಿಕರ್ ಹಚ್ಚಗೋರಿ.

ಜಲನಗರದ ಹೋಳಿಗಿ:
ಅಕ್ಕಾರ, ತುಕ್ಕ ಹತ್ಯಾವೇನು? ಒಳಗಿಂದು ಫೋಟೋ ಕಳಸ್ರಿ.

ಮುಳುಗಡಿ ಮನಷ್ಯಾ:
20ಕ್ಕ ಕೇಳ್ರಿ. ಮತ್ತ ನಮ್ಮಲ್ಲಿ ರೊಟ್ಟಿ ತಣ್ಣಗ ಇರೂದಿಲ್ಲ, ಒಣಗಿಸಿದ ಕಟಕ್ ರೊಟ್ಟಿ ಅವು. ಬೆಳಗಾವಿಯವ್ರಿಗೆ ತಿಳೀಲಿಲ್ಲಂದ್ರ ನಾ ಏನ ಮಾಡ್ಲಿ.