ವಿಪಿಎನ್ ಕನೆಕ್ಟ್ ಆಗಿದೆ, ಆದರೂ ಆಫೀಸ್ ಫೋನ್ ಸಿಗುತ್ತಿಲ್ಲ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮನೆಯಿಂದ ಕೆಲಸ ಮಾಡುತ್ತೇನೆ, ಆಫೀಸ್ ಪೀಣ್ಯದಲ್ಲಿದೆ. ಅಲ್ಲಿನ ಐಪಿ ಪಿಬಿಎಕ್ಸ್, ಅಂದರೆ ನೆಟ್‌ವರ್ಕ್ ಮೇಲೆ ನಡೆಯುವ ಆಫೀಸ್ ಫೋನ್ ಎಕ್ಸ್‌ಚೇಂಜ್, ನೋಡಿಕೊಳ್ಳುವುದು ನನ್ನ ಕೆಲಸ. ಎಕ್ಸ್‌ಟೆನ್ಷನ್ ಸೇರಿಸುವುದು, ತೆಗೆಯುವುದು, ಅಷ್ಟೆ. ಮನೆಯಿಂದಲೇ ಆಫೀಸ್ ನೆಟ್‌ವರ್ಕ್ ಒಳಗೆ ಸೇರಲು ಲ್ಯಾಪ್‌ಟಾಪಿನಲ್ಲಿ ಓಪನ್‌ವಿಪಿಎನ್ ಇದೆ. ಕನೆಕ್ಟ್ ಆಗಿದೆ ಅಂತ ಹಸಿರು ಬಣ್ಣ ತೋರಿಸುತ್ತದೆ. ಆದರೆ ಪಿಬಿಎಕ್ಸ್ ವಿಳಾಸ 192.168.1.50 ಟೈಪ್ ಮಾಡಿದರೆ ನಮ್ಮ ಮನೆಯ ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ಪೇಜ್ ಬರುತ್ತದೆ! ಲ್ಯಾಪ್‌ಟಾಪಿನಿಂದಲೇ ಕರೆ ಮಾಡುವ ಸಾಫ್ಟ್‌ಫೋನ್ ಆ್ಯಪ್ ಕೂಡ ಪಿಬಿಎಕ್ಸ್‌ಗೆ ರಿಜಿಸ್ಟರ್ ಆಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಎರಡೂ ಸರಿ. ಜಿಯೋ ಫೈಬರ್ ಇರುವ ನಮ್ಮ ಸಹೋದ್ಯೋಗಿಗೂ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಯಾಕೆ ಹೀಗೆ?

ಉತ್ತರ: ಮೇಡಂ, ಡಿವಿಆರ್ ಪೇಜ್ ಬಂತು ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ನಿಮ್ಮ ಮನೆ ನೆಟ್‌ವರ್ಕ್ 192.168.1 ರಲ್ಲಿದೆ, ಆಫೀಸಿನದೂ 192.168.1 ರಲ್ಲೇ ಇದೆ.

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ 1ನೇ ಮೇನ್, 1ನೇ ಕ್ರಾಸ್ ಇದೆ ಅಲ್ವಾ? ಜಯನಗರದಲ್ಲಿ ನಿಂತು ಬರೀ "1ನೇ ಕ್ರಾಸ್, 50ನೇ ನಂಬರ್" ಅಂದರೆ ಜಯನಗರದ ಮನೆಯನ್ನೇ ತೋರಿಸುತ್ತಾರೆ, ಪೀಣ್ಯಕ್ಕೆ ಯಾರೂ ಕಳಿಸುವುದಿಲ್ಲ. ಲ್ಯಾಪ್‌ಟಾಪ್ ಮಾಡುತ್ತಿರುವುದೂ ಅದನ್ನೇ. 192.168.1.50 ತನ್ನದೇ ಬೀದಿಯ ವಿಳಾಸ ಅಂದುಕೊಂಡು ವೈಫೈಯಲ್ಲೇ ಹುಡುಕುತ್ತದೆ. ಪ್ಯಾಕೆಟ್ ವಿಪಿಎನ್ ಒಳಗೆ ಹೋಗುವುದೇ ಇಲ್ಲ.

ಒಂದು ಸಲ ಡಿವಿಆರ್ ಕೇಬಲ್ ಕಿತ್ತು ನೋಡಿ. ಆ ಪೇಜ್ ಹೋಗುತ್ತದೆ, ಆದರೆ ಆಫೀಸಿನ ಪೇಜ್ ಬರುವುದಿಲ್ಲ. ಅಂದರೆ ತಪ್ಪು ಡಿವಿಆರ್‌ನದಲ್ಲ, ದಾರಿಯದು.

ಹಾಟ್‌ಸ್ಪಾಟ್ ಬೇರೆ ನಂಬರ್ ಸಾಲು ಕೊಡುತ್ತದೆ, ಜಿಯೋ ಫೈಬರ್ ರೂಟರ್ ಸಾಮಾನ್ಯವಾಗಿ 192.168.29.1 ರಲ್ಲಿರುತ್ತದೆ. ಅದಕ್ಕೇ ಅಲ್ಲಿ ಗಲಾಟೆ ಇಲ್ಲ. ಖಾಸಗಿ ಬಳಕೆಗೆ ಅಂತ 10, 172.16 ರಿಂದ 172.31, ಮತ್ತು 192.168, ಈ ಮೂರು ಸಾಲುಗಳನ್ನು 1996ರಲ್ಲೇ ಬಿಟ್ಟುಕೊಟ್ಟಿದ್ದಾರೆ. ಜಾಗ ಬೇಕಾದಷ್ಟಿದೆ. ಆದರೂ ರೂಟರ್ ಹಾಕುವವರು ಬಾಕ್ಸಿನಿಂದ ತೆಗೆದಾಗ ಇದ್ದ 192.168.1 ಅನ್ನೇ ಬಿಟ್ಟು ಹೋಗುತ್ತಾರೆ. ನನಗೆ ಬರುವ ಇಂಥ ಫೋನ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಕಣ್ಣಾರೆ ನೋಡಬೇಕಾದರೆ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ರೂಟ್ ಪ್ರಿಂಟ್" (route print) ಕೊಡಿ. ಆಫೀಸ್ ವಿಪಿಎನ್ ತನ್ನ ದಾರಿ ಕಳಿಸುತ್ತಿದ್ದರೆ 192.168.1.0 ಎರಡು ಸಲ ಕಾಣಿಸುತ್ತದೆ, ಒಂದು ವೈಫೈಯದು, ಇನ್ನೊಂದು ವಿಪಿಎನ್‌ನದು. ಮೆಟ್ರಿಕ್, ಅಂದರೆ ದಾರಿಯ ಆದ್ಯತೆಯ ಅಂಕಿ, ಕಡಿಮೆ ಇರುವುದು ಗೆಲ್ಲುತ್ತದೆ. ಕೆಲವರ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಗೆದ್ದು, ಮನೆಯ ಪ್ರಿಂಟರ್ ಕಾಣೆಯಾಗುವುದೂ ಉಂಟು.

ಪರಿಹಾರ: ಮನೆ ರೂಟರ್‌ನ ಲ್ಯಾನ್ (ಮನೆಯೊಳಗಿನ) ವಿಳಾಸವನ್ನು 192.168.57.1 ಮಾಡಿ. ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೂ ಮೊದಲು ಡಿವಿಆರ್ ಮಾನಿಟರ್ ಮುಂದೆ ಕೂತು ಅದರ ವಿಳಾಸ 192.168.57.50, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.57.1 ಮಾಡಿಬಿಡಿ. ಡಿವಿಆರ್‌ಗೆ ವಿಳಾಸವನ್ನು ಕೈಯಿಂದಲೇ ಹಾಕಿರುತ್ತಾರೆ, ರೂಟರ್ ಬದಲಾದರೆ ಅದು ತಾನಾಗಿ ಬದಲಾಗುವುದಿಲ್ಲ. ಮರೆತರೆ ಕ್ಯಾಮೆರಾ ಮೊಬೈಲಿನಲ್ಲಿ ಬರುವುದು ನಿಲ್ಲುತ್ತದೆ.

ಇವತ್ತೇ ತುರ್ತಾಗಿ ಬೇಕಿದ್ದರೆ, ಪಿಬಿಎಕ್ಸ್ ಒಂದಕ್ಕೇ ಲ್ಯಾಪ್‌ಟಾಪಿನಲ್ಲಿ ಒಂಟಿ ದಾರಿ ಹಾಕಬಹುದು: 192.168.1.50, ಮಾಸ್ಕ್ 255.255.255.255 (ಅಂದರೆ ಈ ಒಂದೇ ವಿಳಾಸಕ್ಕೆ), ಗೇಟ್‌ವೇ ನಿಮ್ಮ ವಿಪಿಎನ್‌ನದು. ಹೆಚ್ಚು ನಿಖರವಾದ ದಾರಿಯೇ ಯಾವಾಗಲೂ ಗೆಲ್ಲುತ್ತದೆ. ಅದು ಇರುವವರೆಗೆ ಆ ಲ್ಯಾಪ್‌ಟಾಪಿಗೆ ಡಿವಿಆರ್ ಸಿಗುವುದಿಲ್ಲ.

ಇನ್ನೊಬ್ಬ ಸದಸ್ಯರು: ಸರ್, ಇಷ್ಟೆಲ್ಲ ಯಾಕೆ? ಆಫೀಸ್ ರೂಟರ್‌ನಲ್ಲಿ ಫೋನ್ ಕರೆ ಕೂಡಿಸುವ 5060 ಪೋರ್ಟ್ ಅನ್ನು ಹೊರಗಿನಿಂದ ನೇರ ಪಿಬಿಎಕ್ಸ್‌ಗೆ ಫಾರ್ವರ್ಡ್ ಮಾಡಿದರೆ ಸಾಕಲ್ವಾ? ವಿಪಿಎನ್ ಬೇಕಾಗೇ ಇಲ್ಲ.

ಉತ್ತರ: ದಯವಿಟ್ಟು ಬೇಡ. 5060 ಎಲ್ಲರಿಗೂ ತೆರೆದಿಟ್ಟರೆ ಪಾಸ್‌ವರ್ಡ್ ಹುಡುಕುವ ಯಂತ್ರಗಳು ಬಂದು ತಟ್ಟಲು ಶುರು ಮಾಡುತ್ತವೆ. ನಾನು ಹೋಗಿದ್ದ ಒಂದು ಆಫೀಸಿನಲ್ಲಿ ಎಕ್ಸ್‌ಟೆನ್ಷನ್ 101, ಪಾಸ್‌ವರ್ಡೂ 101. ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಅದರಿಂದ ಯಾರೋ ಐಎಸ್‌ಡಿ ಕರೆ ಮಾಡಿದ್ದರು. ಬಿಲ್ ಹಿಡಿದುಕೊಂಡು ಕೂತಿದ್ದ ಆ ಅಕೌಂಟೆಂಟ್ ಮುಖ ನನಗೆ ಇನ್ನೂ ಮರೆತಿಲ್ಲ. ವಿಪಿಎನ್ ಇರಲಿ.

ಪ್ರಶ್ನೆ ಕೇಳಿದವರು: ಸರ್, ತುಂಬಾ ಥ್ಯಾಂಕ್ಸ್! ಡಿವಿಆರ್ ಮೊದಲು, ಆಮೇಲೆ ರೂಟರ್ ಬದಲಿಸಿದೆ. ಪಿಬಿಎಕ್ಸ್ ಪೇಜ್ ಬಂತು, ಫೋನ್ ರಿಜಿಸ್ಟರ್ ಆಯ್ತು. ಆದರೆ ಕರೆ ಮಾಡಿದರೆ ಅವರ ಮಾತು ನನಗೆ ಕೇಳಿಸುತ್ತದೆ, ನನ್ನದು ಅವರಿಗೆ ಕೇಳಿಸುತ್ತಿಲ್ಲ. ಹಾಟ್‌ಸ್ಪಾಟ್‌ನಲ್ಲಿ ಕರೆ ಮಾಡಿ ನೋಡಿರಲಿಲ್ಲ, ಈಗ ನೋಡಿದರೆ ಅಲ್ಲೂ ಹಾಗೇ. ಪಿಬಿಎಕ್ಸ್ ನಡೆಸುವ ಸಾಫ್ಟ್‌ವೇರ್ ಆಸ್ಟರಿಸ್ಕ್, ಸೆಟ್ಟಿಂಗ್ ಬದಲಿಸಲು ಮೇಲೆ ಫ್ರೀಪಿಬಿಎಕ್ಸ್ ಇದೆ.

ಉತ್ತರ: ಎರಡು ಕಡೆಯೂ ಹಾಗೇ ಅಂದರೆ ನಿಮ್ಮ ಮನೆಯದು ಮುಗಿಯಿತು, ಇದು ಆಫೀಸ್ ಕಡೆಯದು. ಕರೆ ಕೂಡಿಸುವುದು ಸಿಪ್, ಮಾತು ಸಾಗಿಸುವುದು ಆರ್‌ಟಿಪಿ. ಮಾತನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಪಿಬಿಎಕ್ಸ್ ಸಿಪ್ ಸಂದೇಶದ ಒಳಗೇ ಬರೆದು ಕೊಡುತ್ತದೆ. ವಿಪಿಎನ್‌ನಿಂದ ನಿಮಗೆ ಸಿಕ್ಕ ವಿಳಾಸ 10.8.0 ಸಾಲಿನದಿರಬಹುದು, ನೋಡಿಕೊಳ್ಳಿ. ಪಿಬಿಎಕ್ಸ್‌ಗೆ ಆ ಸಾಲು ಆಫೀಸಿನ ಒಳಗಿನದೇ ಅಂತ ಹೇಳದಿದ್ದರೆ, ನಿಮ್ಮನ್ನು ಹೊರಗಿನವರು ಅಂದುಕೊಂಡು ಆಫೀಸಿನ ಪಬ್ಲಿಕ್ ಐಪಿ (ಇಂಟರ್ನೆಟ್‌ಗೆ ಕಾಣುವ ವಿಳಾಸ) ಬರೆದು ಕೊಡುತ್ತದೆ. ನಿಮ್ಮ ದನಿ ಅಲ್ಲಿಗೆ ಹೋಗಿ ಫೈರ್‌ವಾಲ್ ಬಾಗಿಲಲ್ಲಿ ನಿಂತುಬಿಡುತ್ತದೆ.

ಫ್ರೀಪಿಬಿಎಕ್ಸ್‌ನಲ್ಲಿ ಸಿಪ್ ಸೆಟ್ಟಿಂಗ್ಸ್ ತೆರೆಯಿರಿ. ಲೋಕಲ್ ನೆಟ್‌ವರ್ಕ್ಸ್ ಅಂತ ಇರುತ್ತದೆ. ಅಲ್ಲಿ 192.168.1.0 ಮಾತ್ರ ಇದ್ದರೆ, ಕೆಳಗೆ 10.8.0.0, ಮಾಸ್ಕ್ 24 ಸೇರಿಸಿ. ಸೇವ್ ಮಾಡಿ ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಆಗುವಾಗ ನಡೆಯುತ್ತಿರುವ ಕರೆಗಳು ಕಟ್ ಆಗುತ್ತವೆ, ಊಟದ ಹೊತ್ತಿಗೆ ಮಾಡಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು: ಆಯ್ತು ಸರ್, ಈಗ ಎರಡು ಕಡೆಯೂ ಸ್ಪಷ್ಟ! ಮುಂದಿನ ತಿಂಗಳು ಇನ್ನೂ ಆರು ಜನ ಮನೆಯಿಂದ ಕೆಲಸ ಮಾಡುತ್ತಾರೆ. ಎಲ್ಲರ ಮನೆ ರೂಟರೂ ಬದಲಿಸಬೇಕಾ?

ಉತ್ತರ: ಬೇಡ ಮೇಡಂ. ಆಫೀಸಿನ ಸಾಲನ್ನೇ ಬದಲಿಸಿ, 10.47.23 ತರಹ, ಮನೆಗಳಲ್ಲಿ ಸಿಗದಂಥದ್ದು. ಡೆಸ್ಕ್ ಫೋನ್, ಪ್ರಿಂಟರ್, ಬಯೋಮೆಟ್ರಿಕ್ ಎಲ್ಲದರ ಪಟ್ಟಿ ಮೊದಲೇ ಬರೆದಿಟ್ಟುಕೊಳ್ಳಿ, ವಿಪಿಎನ್ ಕಳಿಸುವ ದಾರಿ ಮತ್ತು ಆ ಲೋಕಲ್ ನೆಟ್‌ವರ್ಕ್ಸ್ ಸಾಲನ್ನೂ ಹೊಸದಕ್ಕೆ ತಿದ್ದಿ. ಒಂದು ಭಾನುವಾರ ಹಿಡಿಯುತ್ತದೆ. ಪಟ್ಟಿ ಆದಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.